ಇಪ್ಪತ್ತೆಂಟನೆಯ ಗುಂಡಿ

ಸಕ್ಕರೆ ಬಿಲ್ಲೆಗಿಂತ ಸಣ್ಣದು ಈ ಸ್ಪೀಕರ್.
ಇದರೊಳಗೆ ಎರಡು ಸಾವಿರ ಕುದುರೆಗಳನ್ನು ಕೂಡಿಹಾಕಬೇಕು.
ಎಂಜಿನ್ನಿನ ಹೊಟ್ಟೆ ಬಗೆದು, ತೂಕದ ಸೀಸ ಕೆರೆದು ತೆಗೆದು
ಉಗುರಿನಷ್ಟು ಜಾಗ ಮಾಡಿದ್ದೇನೆ.
ಬೆಸುಗೆಯ ಹೊಗೆಗೆ ಕಣ್ಣುರಿ.
ಹೊರಗೆ ಲೋಬೌ ಪೇಟೆಗೆ ಜನವರಿ,
ನಾಲ್ಕೂವರೆಗೇ ಕತ್ತಲು.

ಎಲ್ಲವನ್ನೂ ಎಂಬತ್ತೇಳರಲ್ಲಿ ಒಂದು ಪಾಲು ಮಾಡಬಲ್ಲೆ:
ಮನೆ, ಮರ, ಕೈಮರ, ಕಲ್ಲಿದ್ದಲ ರಾಶಿ,
ಬೇಲಿಗೆ ಆನಿಸಿಟ್ಟ ಸೈಕಲ್ಲು,
ಗೇಟಿನ ಹೆಂಗಸಿನ ಕೈಯ ಕೆಂಪು ಬಾವುಟ.
ದನಿಯನ್ನು ಎಷ್ಟರಿಂದ ಭಾಗಿಸಲಿ?
ಭಾಗಿಸಿದರೆ ಜೇನುಹುಳ. ಭಾಗಿಸದಿದ್ದರೆ
ಕೆಳಮನೆಯ ಯೋಖೆನ್ ಪೊರಕೆಕೋಲಿಂದ
ಸೂರಿಗೆ ಗುದ್ದುತ್ತಾನೆ.

ಸೋವಿಯತ್ತಿನಿಂದ ಬಂದ ಎಂಜಿನ್ ಅದು.
ಬಂದಾಗ ಸದ್ದಡಗಿಸುವ ಡಬ್ಬಿಯೇ ಇರಲಿಲ್ಲ.
ಟೈಗಾ ನಗಾರಿ ಎಂದು ಹೆಸರಿಟ್ಟರು ನಮ್ಮವರು,
ಪ್ರೀತಿಯಿಂದಲ್ಲ.
ಅರ್ಜಿ ಬರೆದರು, ಸಹಿ ಹಾಕಲು ಹೆದರಿದರು,
ಕಿವಿಗೆ ಹತ್ತಿ ತುರುಕಿ ಮಲಗಿದರು.
ನಾನು ಹುಟ್ಟುವ ಹೊತ್ತಿಗೆ ಅದರ ಬಾಯಿಗೂ ಬಟ್ಟೆ ತುರುಕಿದ್ದರು.
ಈಗ ಅದೇ ಹಳೆಯ ಬೊಬ್ಬೆಗೆ ನೂರಿಪ್ಪತ್ತು ಯೂರೋ ತೆತ್ತು
ಚಿಪ್ ತರಿಸಿದ್ದೇನೆ,
ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವನು.

ಗುಂಡಿ ಒಂದು: ಎಂಜಿನ್ ಏಳುವುದು. ಕೆಮ್ಮು, ಕೆಮ್ಮು, ಆಮೇಲೆ ಕುದಿ.
ಎರಡು: ಕೊಂಬು. ಮೂರು: ಬ್ರೇಕಿನ ಕಿರುಚು.
ಏಳು: ಗಾಳಿ ಬಿಡುವ ನಿಟ್ಟುಸಿರು.
ಹನ್ನೊಂದು ನನ್ನ ಸ್ವಂತದ್ದು. ಹಳಿ ಸಂದಿನ ಟಕಟಕ್ಕ,
ಅತ್ತಿಗೆಯ ಹೊಲಿಗೆಯಂತ್ರದಿಂದ ಕದ್ದು
ನಿಧಾನ ಮಾಡಿದ್ದು.

ಸರಿಯೋ ತಪ್ಪೋ ಹೇಳಲು ಆ ಕಾಲದ ಕಿವಿ ಬೇಕಿತ್ತು.
ರೊಸ್ವಿಥಾ ನಿಚ್ಕೆಯನ್ನು ಕರೆದೆ,
ಇಪ್ಪತ್ತಾರು ವರ್ಷ ಗೇಟು ಕಾದವಳು.
ಮೂರು ಮಹಡಿ ಹತ್ತಿ ಬಂದಳು, ಕೋಲು ಮೂಲೆಗೊರಗಿಸಿದಳು,
ಕೋಟು ಬಿಚ್ಚದೆ ಕೂತು
"ಬಿಡು" ಎಂದಳು.

ಬಿಟ್ಟೆ. ನಗಾರಿ ಬಂತು
ಪಾಚಿಯ ಗುಡ್ಡ ಬಳಸಿ, ಹದಿನೆಂಟು ವ್ಯಾಗನ್ ಎಳೆದು.
ಹಲಗೆ ನಡುಗಿತು. ಕೆಳಗೆ ಪೊರಕೆ ಗುದ್ದಿತು.
"ಅಲ್ಲ" ಎಂದಳು.
ಜೋರಾಯಿತೇ? ಅಲ್ಲ. ಮೆತ್ತಗಾಯಿತೇ? ಅಲ್ಲ.
"ಇದು ಹೊರಗೆ ನಿಂತು ಹಿಡಿದ ಸದ್ದು.
ಹೊರಗೆ ನಿಂತವರು, ಬಾವುಟ ಹಿಡಿದವರು,
ಕೇಳುವುದಿಲ್ಲಪ್ಪ, ನೋಡುತ್ತಾರೆ,
ಕೊನೆಯ ದೀಪ ದಾಟಿತೋ ಇಲ್ಲವೋ ಅಂತ.
ನಾನು ಕೇಳಿದ್ದು ಪಾಳಿ ಇಲ್ಲದ ರಾತ್ರಿ, ಹಾಸಿಗೆಯಲ್ಲಿ,
ಎರಡು ನಲವತ್ತಕ್ಕೆ.
ಮೊದಲು ಗೊತ್ತಾಗುತ್ತಿದ್ದದ್ದು ಕಪಾಟಿನ ಬಟ್ಟಲಿಗೆ.
ಆಮೇಲೆ ಕಿಟಕಿಗೆ. ಆಮೇಲೆ ನನ್ನ ಹಲ್ಲಿಗೆ.
ಕಿವಿಗೆ ಎಲ್ಲಕ್ಕಿಂತ ಕೊನೆಗೆ."

ಆ ಬಟ್ಟಲು ಯಾವ ಚಿಪ್ಪಿನಲ್ಲೂ ಬರುವುದಿಲ್ಲ.
ಅಮ್ಮನ ಎರಡು ಕಾಫಿ ಬಟ್ಟಲು ಇಳಿಸಿದೆ.
ಅವಳೇ ಮೊಣಕೈಯಿಂದ ಮೇಜು ನಡುಗಿಸಿದಳು,
ನಾನು ಮೈಕು ಹಿಡಿದೆ.
ಏಳನೆಯ ಸಲಕ್ಕೆ ತಲೆದೂಗಿದಳು.
ಗೇಟಿನ ಪಕ್ಕದ ಬೆಂಕಿಪೊಟ್ಟಣದಂಥ ಮನೆಯ ಅಡಿಗೆ
ಇನ್ನೊಂದು ಸ್ಪೀಕರ್ ಅಂಟಿಸಿದೆ.
ಈಗ, ನಗಾರಿ ಇನ್ನೂ ತಿರುವಿನಾಚೆ ಇರುವಾಗಲೇ
ಮನೆಯೊಳಗೆ ಕಿಣಿಕಿಣಿ.

"ಮಗು ಏಳುತ್ತಿರಲಿಲ್ಲವೇ? ಅಳುವೊಂದು ಸೇರಿಸಲೇ?"
ಕೋಟಿನ ಗುಂಡಿ ತಿರುವುತ್ತಾ ಹೇಳಿದಳು:
"ಊಟೆಯೇ? ಅವಳಿಗೆ ಅದರಲ್ಲೇ ನಿದ್ದೆ.
ಏಳುತ್ತಿದ್ದದ್ದು ಗಾಡಿ ಬಾರದ ರಾತ್ರಿ.
ಹಿಮ ಬಿದ್ದು ಹಾದಿ ಕಟ್ಟಿದರೆ
ಎರಡು ನಲವತ್ತೈದಕ್ಕೆ ಸರಿಯಾಗಿ ಕೂಗು.
ಆ ವರ್ಷ ವೇಳಾಪಟ್ಟಿ ಬದಲಾಯಿತು, ಗಾಡಿ ನಿಂತೇಹೋಯಿತು.
ಊರೆಲ್ಲ ಗಡದ್ದಾಗಿ ಮಲಗಿತು.
ನಾನು ತಿಂಗಳುಗಟ್ಟಲೆ ಎದ್ದು ಕೂತು
ತೊಟ್ಟಿಲ ಹಲಗೆಗೆ ಹೀಗೆ..."
ತೋರಿಸಿದಳು, ಮೇಜಿನ ಮೇಲೆ, ಮುಷ್ಟಿ ಕಟ್ಟಿ:
ದುಗು ದುಗು ದುಗು ದುಗು.
ಎಂಬತ್ತೊಂದರ ಮುಷ್ಟಿ. ಲಯ ಕೂದಲೆಳೆಯೂ ತಪ್ಪಲಿಲ್ಲ.

ಮೈಕು ಆರಿಸಲು ಮರೆತಿದ್ದೆ.

ಇಪ್ಪತ್ತೆಂಟನೆಯ ಗುಂಡಿ ಖಾಲಿಯಿತ್ತು.
ಅದನ್ನೊತ್ತಿದರೆ ಈಗ ಯಾವ ಗಾಡಿಯೂ ಬರುವುದಿಲ್ಲ,
ಬಟ್ಟಲು ಅಲುಗುವುದಿಲ್ಲ.
ಹಳಿ ಖಾಲಿ, ಗೇಟು ತೆರೆದೇ ಇದೆ,
ಬೆಂಕಿಪೊಟ್ಟಣದ ಮನೆಯೊಳಗಿಂದ ಮಾತ್ರ
ದುಗು ದುಗು ದುಗು.
ಅದಕ್ಕೆ ಯೋಖೆನ್ ಈವರೆಗೂ ಪೊರಕೆ ಎತ್ತಿಲ್ಲ.