ಜಡೆ ಇರುವ ಕಡೆ

ಮೆಜೆಸ್ಟಿಕ್ಕಿನಲ್ಲಿ ಪ್ಲಾಟ್‌ಫಾರಂ ತಪ್ಪಿದರೆ
ಬನಶಂಕರಿಗೆ ಹೊರಟವಳು ಬಾಗಲಗುಂಟೆಯಲ್ಲಿ ಇಳಿಯುತ್ತಾಳೆ.
ಆ ಪದದ ಬಗ್ಗೆ
ಅಷ್ಟು ಮಾತ್ರ ಗೊತ್ತಿತ್ತು ನನಗೆ.

ಈಗ ನಾದಿನಿಯ ಮಗಳು ಇಂಚರಾ
ಹನುಮಂತನಗರದ ನಮ್ಮ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ
ಇಸ್ತ್ರಿ ಟೇಬಲ್ಲಿನಿಂದ ಕಾಲು ಇಳಿಬಿಟ್ಟು ಕೂತು
"ಯಾವ ಪ್ಲಾಟ್‌ಫಾರಂ ಅತ್ತೆ?" ಅನ್ನುತ್ತಾಳೆ.

ಅಂಗಡಿಗೆ ಇವತ್ತಿಗೆ ಹದಿನೇಳು ದಿನ.
ಅಂಗಡಿಯೆಂದರೆ ಆ ಟೇಬಲ್ಲು, ಒಂದು ಸ್ಟೀಮ್ ಇಸ್ತ್ರಿ,
ಎರಡು ಡಜನ್ ಕ್ಲಿಪ್ಪು, ಪಿನ್ನಿನ ಡಬ್ಬಿ.
ನಿಮ್ಮ ಸೀರೆಗೆ ನಾನೇ ನೆರಿಗೆ ಹಿಡಿದು,
ಸೆರಗು ಮಡಿಸಿ, ಪಿನ್ನು ಹಾಕಿ, ಪೆಟ್ಟಿಗೆಯಲ್ಲಿಟ್ಟು ಕೊಡುತ್ತೇನೆ;
ಒಂದು ನಿಮಿಷದಲ್ಲಿ ಉಟ್ಟು ಹೊರಡಬಹುದು.
ಹತ್ತಿಗೆ ನೂರೈವತ್ತು, ರೇಷ್ಮೆಗೆ ಇನ್ನೂರೈವತ್ತು.
ಬೋರ್ಡಿನಲ್ಲಿ "ನೆರಿಗೆ" ಎಂದಷ್ಟೇ ಬರೆಸಿದ್ದೇನೆ.
ಇದುವರೆಗೆ ಬಂದವರು ಇಬ್ಬರು:
ಒಬ್ಬಳು ಇಂಚರಾಳ ಅಮ್ಮ,
ಇನ್ನೊಬ್ಬರು ಚಿಲ್ಲರೆ ಕೇಳಲು.

"ಇನ್‌ಸ್ಟಾಗ್ರಾಮ್ ಅಂದ್ರೆ ಶನಿವಾರ ಸಂಜೆಯ ಚರ್ಚ್ ಸ್ಟ್ರೀಟು.
ನೋಡೋಕೆ ಬರ್ತಾರೆ, ನೋಡಿಸ್ಕೊಳ್ಳೋಕೂ.
ಯೂಟ್ಯೂಬು ತಾಳ್ಮೆ ಇರೋರಿಗೆ, ನಿಂಗಿಲ್ಲ.
ಲಿಂಕ್ಡ್‌ಇನ್ನು, ಕೊರಳಿನ ಐಡಿ ಕಾರ್ಡು ತೆಗೀದೇ ಮಲಗೋರ ಊರು.
ಫೇಸ್‌ಬುಕ್ಕಾ? ಬಿಡು, ಅಲ್ಲಿ ಬರೀ ವಯಸ್ಸಾದವರು,
ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತ ಹಾಗೆ
ಒಬ್ಬರಿಗೊಬ್ಬರು ಶುಭೋದಯ ಹೇಳ್ಕೊಂಡು."

"ಎಲ್ಲದರಲ್ಲೂ ಹಾಕಿದರೆ?"
"ಎಷ್ಟು ಕೈ ಇವೆ ನಿನಗೆ?"

ಚರ್ಚ್ ಸ್ಟ್ರೀಟನ್ನೇ ಆರಿಸಿದೆವು.
ನನ್ನ ಧಾರೆ ಸೀರೆ ಹರಡಿ, ಕೈಗಳಷ್ಟೇ ಕಾಣುವಂತೆ
ನಲವತ್ತು ಸೆಕೆಂಡಿನ ರೀಲು.
ಬೆಳಗಾಗುವಷ್ಟರಲ್ಲಿ ಹನ್ನೊಂದು ಸಾವಿರ ಜನ ನೋಡಿದ್ದರು.
ಸೂರತ್ತಿನಿಂದ ಬೆಂಕಿಯ ಚಿತ್ರ, ನಾಗಪುರದಿಂದ ಎರಡು ಹೃದಯ,
ಯಾರೋ "ಬಳೆ ಎಲ್ಲಿ ತಗೊಂಡ್ರಿ" ಎಂದು.
ಪಕ್ಕದ ಬೀದಿಯಿಂದ ಒಂದು ಸೀರೆ ಬರಲಿಲ್ಲ.
"ತಲಾ ಒಂದು ರೂಪಾಯಿ ಅಂದ್ರೂ..." ಎಂದು ಶುರುಮಾಡಿದ ಮುನಿರಾಜು
ನನ್ನ ಮುಖ ನೋಡಿ ಲೆಕ್ಕ ನುಂಗಿಕೊಂಡ.

ಅಮ್ಮ ಹೂ ಮಾರುತ್ತಿದ್ದಳು.
ನಸುಕಿಗೇ ಮಾರ್ಕೆಟ್ಟಿಗೆ ಹೋಗಿ ಕನಕಾಂಬರ ತಂದು, ಕಟ್ಟಿ,
ಬುಟ್ಟಿ ಹೊತ್ತು ಜಾಗ ಹುಡುಕುತ್ತಿದ್ದಳು.
ಒಂದು ವಾರ ಟಾಕೀಸಿನ ಮುಂದೆ ಕೂತಳು:
ಜನವೋ ಜನ. ಹೂ ಬಾಡಿತು.
ಆಮೇಲೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಗೇಟಿನಲ್ಲಿ,
ಸಂಜೆ ಐದೂವರೆಗೆ. ಆರಕ್ಕೆ ಬುಟ್ಟಿ ಖಾಲಿ.
"ಹೂವಿಗೆ ಜನ ಬೇಡ ಕಣೆ," ಅನ್ನುತ್ತಿದ್ದಳು,
"ಜಡೆ ಬೇಕು."

ನೆರಿಗೆಗೆ ಬೇಕಾದ ಜಡೆ ಯಾವುದು?
ಇಂಚರಾಳ ಓರಗೆಯವರು ವರ್ಷಕ್ಕೆರಡು ಸಲ ಉಡುತ್ತಾರೆ,
ಬೆರಳು ಚುರುಕು, ನೋಡಿಯೇ ಕಲಿಯುತ್ತಾರೆ,
ನನ್ನದೇ ರೀಲು ನೋಡಿ.

ರಾತ್ರಿ ಅವಳಿಗೆ ಹೇಳದೆ ಕಲ್ಲು ಬೆಂಚಿನ ಕಡೆ ನಡೆದೆ.
ನಮ್ಮ ಸುತ್ತಮುತ್ತಲಿನ ಬಡಾವಣೆಗಳ ಹಳಬರ ಗುಂಪು:
ಕಳೆದುಹೋದ ಬೆಕ್ಕು, ಕಾವೇರಿ ನೀರಿನ ಬಿಲ್ಲಿನ ಗೋಳು,
ಒಳ್ಳೆ ಹುರಿಗಡಲೆ ಎಲ್ಲಿ ಸಿಗುತ್ತದೆಂಬ ಜಗಳ.
ಅವುಗಳ ನಡುವೆ ಒಂದು ಫೋಟೋ, ನಾಲ್ಕು ಸಾಲು ಇಟ್ಟು ಬಂದೆ.

ಬೆಳಿಗ್ಗೆ ಒಂದೇ ಉತ್ತರ,
ಕಾಗದದ ಹಾಗೆ, ಕ್ಷೇಮ ಕೇಳಿ ಶುರುವಾದದ್ದು.
"ನಾನು ಭ್ರಮರಾಂಬ, ನಿವೃತ್ತ ಗಣಿತ ಉಪಾಧ್ಯಾಯಿನಿ.
ಎರಡು ವರ್ಷದಿಂದ ಬೆರಳು ಮಡಚುವುದಿಲ್ಲ.
ಬ್ಯಾಂಕಿಗೂ ನೈಟಿಯ ಮೇಲೆ ಶಾಲು ಹೊದ್ದು ಹೋಗುತ್ತೇನೆ.
ಮೂವತ್ತೆಂಟು ಸೀರೆ ಇವೆ, ಎಲ್ಲ ಹತ್ತಿ. ಎಷ್ಟಾಗುತ್ತದೆ?
ಪಿನ್ನು ಹಾಕಬೇಡಿ. ನನಗೆ ತೆಗೆಯಲಾಗದು."

ಪಿನ್ನು ಬೇಡ.
ಡಬ್ಬಿಯನ್ನೇ ನೋಡುತ್ತಾ ನಿಂತೆ.
ಹುಕ್ಕೋ, ದೊಡ್ಡ ಗುಂಡಿಯೋ, ಚಪ್ಪಲಿಗೆ ಹಾಕುವ ಆ ಚರಚರ ಪಟ್ಟಿಯೋ?
ಹನ್ನೊಂದು ಸಾವಿರ ಜನರಲ್ಲಿ ಒಬ್ಬರೂ
ಇದನ್ನು ಕೇಳಿರಲಿಲ್ಲ.

ಇಂಚರಾಗೆ ಮೆಸೇಜು ಹಾಕಿದೆ. ಬೆಂಕಿಯ ಚಿತ್ರ ಬಂತು.

ಚಿಕ್ಕಪೇಟೆಯ ಬಸ್ಸಿನಲ್ಲಿ ನಿಂತು
ಮೂವತ್ತೆಂಟನ್ನು ನೂರೈವತ್ತರಿಂದ ಗುಣಿಸಿದೆ.
ಐದು ಸಾವಿರದ ಏಳುನೂರು.
ಲೆಕ್ಕದ ಟೀಚರು, ತಪ್ಪಾದರೆ ಹಿಡಿದಾರೆಂದು
ಬೆರಳು ಮಡಚಿ ಮಡಚಿ
ಇನ್ನೊಮ್ಮೆ ಎಣಿಸಿದೆ.