ಹನ್ನೊಂದನೆಯ ಫಲಕ

ಮೂಂಟಾದಲ್ಲಿ ಸೂರ್ಯ ಬಡಗಣ ದಾರಿ ಹಿಡಿದು ಹೋಗುತ್ತಾನೆ.
ಅದಕ್ಕೇ ನಮ್ಮ ಚಾವಣಿಯ ಹದಿನೆಂಟು ಫಲಕಗಳೂ
ಉತ್ತರಕ್ಕೆ ಮುಖ ಮಾಡಿ ಮಲಗಿವೆ,
ತಲೆ ಹಾಕಬೇಡವೇ ಎಂದು ಅಜ್ಜಿ ಬೈಯುತ್ತಿದ್ದ ದಿಕ್ಕಿಗೆ.

ಇವುಗಳ ಲೆಕ್ಕ ಇಡುವುದು ಗ್ಯಾರೇಜಿನ ಮೂಲೆಯ ಪೆಟ್ಟಿಗೆ.
ಬಿಸ್ಕತ್ತಿನ ಡಬ್ಬಿಯಷ್ಟಿದೆ; ಒಂದು ಹಸಿರು ಕಣ್ಣು.
ಐದು ನಿಮಿಷಕ್ಕೊಮ್ಮೆ ಹಾಜರಿ ಕೂಗುತ್ತದೆ:
ಒಂದು, ಇದ್ದೇನೆ. ಎರಡು, ಇದ್ದೇನೆ.
ಯಾರಾದರೂ ದನಿ ತಗ್ಗಿಸಿದರೆ ಫೋನಿಗೆ ದೂರು.
ಹೊರಗಿನ ಕರೆಂಟು ಎಳೆದರೂ ದೂರು:
ನಾವು ಕೊಟ್ಟರೆ ಯೂನಿಟ್ಟಿಗೆ ನಾಲ್ಕು ಸೆಂಟು, ಕೊಂಡರೆ ನಲವತ್ತು.

ದೂರಿನ ಮಾತುಗಳನ್ನು ಬರೆದವನು ಅಂದಾನಪ್ಪ,
ಗದಗಿನ ಕಡೆಯವನು; ನಾಲ್ಕು ವರ್ಷದ ಕೆಳಗೆ,
ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಚಹಾ ಆರಿಹೋಗಲು ಬಿಟ್ಟು.
ಮೂರು ಕಿಲೋವ್ಯಾಟ್ ದಾಟಿದರೆ:
"ಬಿಸಲು ಭಾಳ ಐತಿ. ಅರಬಿ ಒಗ್ಯಾಕ ಹಾಕು."
ಮೋಡ ಕವಿದರೆ: "ಓವನ್ ಸದ್ಯಕ್ಕ ಬ್ಯಾಡ."
ಹೊತ್ತು ಮುಳುಗಿದ ಮೇಲೆ ಆ ದಿನದ ಗಳಿಕೆ,
ಕೊನೆಗೊಂದು "ಸಾಕು, ಮಲಕೋ."
ನಾನು ಕೋಲಾರದವಳು. ಮೊದಮೊದಲು
ಅರಬಿ ಅಂದರೆ ಸಮುದ್ರ ತಾನೇ, ಅನ್ನುತ್ತಿದ್ದೆ, ಬೇಕೆಂದೇ.

ಅವನು ಈಗ ಕಾಲ್‌ಗೂರ್ಲಿಯಲ್ಲಿದ್ದಾನೆ.
ಸೋಫಾ, ಕಾರು, ಸಾಲ ಎಲ್ಲ ಪಾಲಾಯಿತು ವಕೀಲರ ಮುಂದೆ.
ಸೆಟ್ಟಿಂಗ್ಸಿನ ಆರನೇ ಪುಟದಲ್ಲಿ
"ಯಾರಿಗೆ ತಿಳಿಸಬೇಕು" ಎಂಬಲ್ಲಿದ್ದ ಎರಡು ಹೆಸರು
ಯಾವ ವಕೀಲರ ಕಣ್ಣಿಗೂ ಬೀಳಲಿಲ್ಲ.
ಹಾಗಾಗಿ, ಎರಡು ಸಾವಿರ ಕಿಲೋಮೀಟರಿನಾಚೆ,
ನಮಗಿಂತ ಒಂದೂವರೆ ಗಂಟೆ ತಡವಾಗಿ ಬೆಳಗಾಗುವ ಊರಲ್ಲಿ
ಅವನಿಗೆ ಗೊತ್ತು: ನಾನು ಎಷ್ಟಕ್ಕೆ ಎದ್ದೆ,
ಯಾವ ಭಾನುವಾರ ಓವನ್ ಹಚ್ಚಲಿಲ್ಲ,
ಯಾವ ರಾತ್ರಿ ಮೂರಕ್ಕೆ ಕೆಟಲ್ ಕುದಿಯಿತು.
ಯಾಕೆ ಎಂಬುದೊಂದು ಬಿಟ್ಟು.

ಮೇ ತಿಂಗಳ ಎರಡನೇ ವಾರ. ಮಧ್ಯಾಹ್ನ ಎರಡೂ ಇಪ್ಪತ್ತು.
"ಹನ್ನೊಂದನೇದು ಬಿದ್ದೈತಿ. ನೋಡು."
ಮಾರನೆಯ ದಿನ, ಅದೇ ಹೊತ್ತು. ಮೂರನೆಯ ದಿನವೂ.
ನಾಲ್ಕನೆಯ ದಿನ ಪೆಟ್ಟಿಗೆಯ ಬೆನ್ನಿಗೇ ಅವನು, ಖುದ್ದು:
"ಧೂಳಿರಬೇಕು. ಇಲ್ಲಾ ಹಕ್ಕಿ. ಏಣಿ ಶೆಡ್ಡಿನ್ಯಾಗ ಐತಿ."
ಏಣಿ ಎಲ್ಲಿದೆಯೆಂದು ನನಗೆ ಗೊತ್ತಿಲ್ಲವೇ!

ಏಣಿ ಹಿಡಿದುಕೊಂಡವರು ಪಕ್ಕದ ಮನೆಯ ಪ್ಯಾಸ್ಕೋ, ವಯಸ್ಸು ಎಂಬತ್ತೊಂದು.
ಅವರ ಅಜ್ಜನ ಅಣ್ಣ, ಇಲ್ಲಿಯ ತಾಮ್ರ ಕೈಕೊಟ್ಟ ಮೇಲೆ,
ಕೋಲಾರದ ಚಿನ್ನಕ್ಕೆ ಇಳಿದಿದ್ದನಂತೆ.
"ನಿಮ್ಮೂರಲ್ಲಿ ನಮ್ಮವನೊಬ್ಬ ನೆಲದಡಿ ಇದ್ದಾನೆ" ಅಂದರು.
"ನೀನು ಮೇಲಿದ್ದೀಯ. ಹುಷಾರು."

ಧೂಳಿಲ್ಲ. ಹಕ್ಕಿಯ ಹಿಕ್ಕೆಯೂ ಇಲ್ಲ.
ಒಂದು ನೆರಳು ಮಾತ್ರ, ಹೆಬ್ಬೆರಳಿನಗಲ,
ಹನ್ನೊಂದನೆಯದರ ಎದೆಯ ಮೇಲೆ ಅಡ್ಡಡ್ಡ.
ಕ್ರಿಕೆಟ್ ನೋಡಲೆಂದು ಅವನೇ ನಿಲ್ಲಿಸಿದ್ದ ಆಂಟೆನಾ;
ಅದು ಗಾಳಿಗೆ ವಾಲಿತ್ತು, ಬಿಸಿಲು ಚಳಿಗೆ ತಗ್ಗಿತ್ತು.
ಮೂರು ನಟ್ಟು. ಎರಡು ಬಿಚ್ಚಿಕೊಂಡವು, ಒಂದಕ್ಕೆ ತುಕ್ಕು.
ಪ್ಯಾಸ್ಕೋ ಎಣ್ಣೆ ತರುವ ತನಕ
ಸೂರಿನ ಮೇಲೆ ಕೂತು ಸಮುದ್ರ ನೋಡಿದೆ.
ಅರಬಿ ಅಲ್ಲದ್ದು.

ಗೆರೆ ಮೇಲೆದ್ದಿತು.
ಕಾಲ್‌ಗೂರ್ಲಿಯಿಂದ ಒಂದು ಹೆಬ್ಬೆರಳು ಬಂತು.

ಆ ರಾತ್ರಿ ಆರನೇ ಪುಟಕ್ಕೆ ಹೋದೆ.
"ಖಚಿತವೇ?" ಎಂದಿತು. ಒತ್ತಿದೆ.
ಮಾತುಗಳನ್ನು ಹಾಗೇ ಬಿಟ್ಟೆ;
ಪೆಟ್ಟಿಗೆಗೆ ಕೋಲಾರ ಕಲಿಸುತ್ತ ಕೂರುವವರು ಯಾರು.

ಮೂರು ದಿನ ಬಿಟ್ಟು ಸಂದೇಶ:
"ಅಲ್ಲೆ ಮೋಡ ಆಗೈತೇನು?"

ಅಂಗೈಯಗಲ ಮೋಡವಿಲ್ಲ.
ಹಗ್ಗದ ಮೇಲೆ ದುಪ್ಪಟಿ ಆಗಲೇ ಗರಿಗರಿ.
ಏನು ಬರೆಯಲೆಂದು ನೋಡುತ್ತಿರುವಾಗಲೇ
ಫೋನು ಮತ್ತೆ ಗುಂಯ್ ಅಂದಿತು. ಅವನಲ್ಲ, ಚಾವಣಿ:
"ಬಿಸಲು ಭಾಳ ಐತಿ. ಅರಬಿ ಒಗ್ಯಾಕ ಹಾಕು."
ಒಗೆಯಲು ಏನೂ ಉಳಿದಿರಲಿಲ್ಲ.
ಆದರೂ ಎದ್ದು
ಕಿಟಕಿಯ ಪರದೆಗಳನ್ನು ಕಳಚತೊಡಗಿದೆ.