ನಡುಗುವ ಕೈ

ಇಬ್ಬರೇ ಎದುರುಬದುರು ಕೂತರೆ
ಯಾವ ಆಟದಲ್ಲಿ ಜಾಣ್ಮೆಗೆ ಹೆಚ್ಚು ಕೂಲಿ ಅಂತ ಕೇಳಿದೆ, ಡ್ಯಾರಿಲ್,
ಹುಲ್ಲು ಕತ್ತರಿಸುವ ಯಂತ್ರದ ಅಲಗು ಉಜ್ಜುತ್ತ.
ಗಾರ್ಡೀನಾದ ಕ್ಲಬ್ಬುಗಳಲ್ಲಿ ಮೂವತ್ತೊಂದು ವರ್ಷ
ಎಲೆ ಹಂಚಿದವಳನ್ನು ಕೇಳಿದೆ,
ಪುಕ್ಕಟೆಯಾಗಿ.
ಹೇಳುತ್ತೇನೆ, ಆ ಪಾನಾ ಇತ್ತ ಕೊಡು.

ಲಿಮಿಟ್ ಹೋಲ್ಡೆಮ್ ಬಿಡು. ಅದನ್ನು ಯಂತ್ರವೊಂದು
ಮೂಳೆಸಮೇತ ಅಗಿದು ನುಂಗಿದೆಯಂತೆ.
ನಮಗೆ ಉಳಿದದ್ದು ಸಿಪ್ಪೆ.
ಅದನ್ನೂ ತಪ್ಪಾಗಿಯೇ ಅಗಿಯುತ್ತೇವೆ, ಆ ಮಾತು ಬೇರೆ.

ಸ್ಟಡ್ಡಿನಲ್ಲಿ ನಾನು ಹುಲಿ. ಎಂಟು ಜನರ ಮೇಜಿನಲ್ಲಿ
ಯಾರು ಯಾವ ಕಳಾವರ್ ಮಡಿಸಿ ಎಸೆದರೆಂದು
ಇವತ್ತಿಗೂ ನಿದ್ದೆಯಲ್ಲಿ ಹೇಳಬಲ್ಲೆ.
ಇಬ್ಬರೇ ಕೂತಾಗ ಎಸೆಯಲು ಯಾರಿದ್ದಾರೆ?
ನೆನಪು ಗುಂಪಿದ್ದರೆ ಮಾತ್ರ ದುಡಿಯುವ ಆಳು.

ಒಮಾಹಾ? ನಾಲ್ಕು ನಾಲ್ಕು ಎಲೆ,
ಯಾವ ಕೈಯೂ ಇನ್ನೊಂದಕ್ಕೆ ಮಾರು ದೂರವಿಲ್ಲ.
ಎಕ್ಕದ ಜೋಡಿ ಹಿಡಿದವನೂ
ಎದುರಿನ ಏಳೆಂಟೊಂಬತ್ತರ ಮುಂದೆ ಬೆವರುತ್ತಾನೆ.
ಜಾಣ್ಮೆ ಇದೆ, ಇಲ್ಲವೆನ್ನಲಾರೆ,
ಅದರ ಸಂಬಳ ತಡವಾಗಿ ಬರುತ್ತದೆ,
ಅಷ್ಟರಲ್ಲಿ ಮನೆ ಮಾಲೀಕ ಬಾಗಿಲು ತಟ್ಟಿರುತ್ತಾನೆ.

ಪಣಕ್ಕೆ ಮಿತಿಯಿಲ್ಲದ ಹೋಲ್ಡೆಮ್, ಇಬ್ಬರ ಮುಂದೆಯೂ
ಎತ್ತರದ ಗುಡ್ಡೆ: ಕಾಗದದ ಮೇಲೆ ಅದೇ ಉತ್ತರ.
ಗುಡ್ಡೆ ಗಿಡ್ಡವಾದರೆ ತಳ್ಳು, ಇಲ್ಲ ಬಿಡು;
ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಮಗುವೂ ಆಡೀತು.
ಗುಡ್ಡೆ ದೊಡ್ಡದಿದ್ದರೆ ಮೊದಲ ಸುತ್ತಿನ ಸಾಸಿವೆಯಷ್ಟು ತಪ್ಪು
ನಾಲ್ಕನೆಯ ಸುತ್ತಿಗೆ ಕುಂಬಳಕಾಯಿ.
ಅಲ್ಲಿ ಮೂರ್ಖ ಒಂದು ರಾತ್ರಿ ಉಳಿದಾನು,
ಒಂದು ಚಳಿಗಾಲ ಉಳಿಯಲಾರ.

ಇಷ್ಟು ನಿನ್ನ ಪ್ರಶ್ನೆಗೆ. ಈಗ ನನ್ನದು.

ಮಂಗಳವಾರ ಮಂಗಳವಾರ ರುಫೀನೊ ದಕನಾಯ್ ಬರುತ್ತಾನೆ,
ಎರಡು ಬಸ್ಸು ಬದಲಿಸಿ,
ಜೇಬಿನಲ್ಲಿ ಕಾಲು ಡಾಲರಿನ ನಾಣ್ಯಗಳ ಚೀಲ.
ಇದೇ ಶೆಡ್ಡಿನಲ್ಲಿ, ಎಣ್ಣೆ ಡಬ್ಬಿಗಳ ನಡುವೆ,
ನಾವು ಆಡುವುದು ಟ್ರಿಪಲ್ ಡ್ರಾ,
ಬಡ ಕೈಯೇ ಗೆಲ್ಲುವ ಆಟ:
ಎರಡು ಮೂರು ನಾಲ್ಕು ಐದು ಏಳು.
ರಾಜ ಬಂದರೆ ಮನೆಹಾಳು.
ಒಂದೂ ಎಲೆ ತೆರೆದಿರುವುದಿಲ್ಲ. ಕಿವಿಗೆ ಬೀಳುವುದು ಇಷ್ಟೇ:
ಮೂರು ಕೊಡು. ಒಂದು ಕೊಡು. ಸಾಕು.

ನಲವತ್ತು ವರ್ಷ ಅವನ ಬಲಗೈ ಓದಿದ್ದೇನೆ.
ಒಳ್ಳೆಯ ಎಲೆ ಬಂದಾಗ ಕಿರುಬೆರಳು ಸಣ್ಣಗೆ ನಡುಗುತ್ತಿತ್ತು,
ಅವನಿಗೇ ಗೊತ್ತಿರಲಿಲ್ಲ, ಅವನ ಹೆಂಡತಿಗೂ.
ಅದರ ಮೇಲೆ ನಾನೊಂದು ಷೆವ್ರೊಲೆ ಕೊಂಡೆ.

ಹೋದ ವರ್ಷದಿಂದ ಅದು ಎಲ್ಲ ಎಲೆಗೂ ನಡುಗುತ್ತದೆ.
ಚಮಚಕ್ಕೆ ನಡುಗುತ್ತದೆ, ಅಂಗಿಯ ಗುಂಡಿಗೆ ನಡುಗುತ್ತದೆ.
ಡಾಕ್ಟರು ಒಂದು ಹೆಸರು ಕೊಟ್ಟಿದ್ದಾರೆ, ಹಳದಿ ಮಾತ್ರೆ ಕೊಟ್ಟಿದ್ದಾರೆ.
ನನಗೆ ಆ ಕೈಯಲ್ಲಿ ಈಗ ಒಂದಕ್ಷರವೂ ಕಾಣುವುದಿಲ್ಲ.
ಸತತ ಏಳು ಮಂಗಳವಾರ ಸೋತಿದ್ದೇನೆ.
'ಈ ವಯಸ್ಸಲ್ಲಿ ಆಟ ಕಲಿತೆಯಲ್ಲೋ ಮುದುಕ' ಅಂದರೆ
ನಗುತ್ತಾನೆ. ಚಹಾ ಚೆಲ್ಲುತ್ತದೆ.

ಮೊನ್ನೆ, ಕೊನೆಯ ಸುತ್ತು. ಒಂದು ಎಲೆ ಬದಲಿಸಿದೆ,
ಒಂಬತ್ತು ಬಂತು. ಕೆಟ್ಟದ್ದಲ್ಲ.
ಅವನು ಐದನ್ನೂ ಮೇಜಿಗೆ ಒತ್ತಿ ಹಿಡಿದ.
ನಡುಕ ಮೇಜಿನ ಕಾಲಿಗಿಳಿದು
ನನ್ನ ಮೊಣಕಾಲಿಗೆ ಬಂತು.
'ಸಾಕು,' ಅಂದ.
ನಾಣ್ಯ ಮುಂದೆ ತಳ್ಳಿದ; ಎರಡು ಉರುಳಿ ಕೆಳಗೆ ಬಿದ್ದವು.

ಒಂಬತ್ತನ್ನು ಮಡಿಸಬಾರದು ಅಂತ ನಿನಗೆ ಕಲಿಸಿದವಳು ನಾನೇ.
ಮಡಿಸಿದೆ.
ಅವನ ಕೈಯಲ್ಲಿ ಏನಿತ್ತೆಂದು ಕೇಳಬೇಡ, ತೋರಿಸಲಿಲ್ಲ,
ತೋರಿಸು ಅನ್ನಲೂ ಇಲ್ಲ.
ಬಗ್ಗಿ ನಾಣ್ಯ ಹುಡುಕಿದೆ. ಒಂದು ಸಿಕ್ಕಿತು.
ಇನ್ನೊಂದು ಅಲ್ಲೇ, ನಿನ್ನ ಕಾಲಿನ ಹತ್ತಿರ
ಎಲ್ಲೋ ಇರಬೇಕು. ನೋಡು.